ಬೋಣಿ ಗೆರೆ

ದೇವರಾಜು ಅವರ ಹನಿ ನೀರಾವರಿ ಅಂಗಡಿಗೆ ನಾಲ್ಕು ಊರಲ್ಲಿ ನಾಲ್ಕು ಬಾಗಿಲು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಬಾಗಿಲು ನಾಲ್ಕಾದರೂ ತಲೆ ಒಂದೇ. ಆ ತಲೆ ಶ್ರೀರಂಗಪಟ್ಟಣದ ಅಂಗಡಿಯ ಒಳಕೋಣೆಯಲ್ಲಿ, ಧೂಳು ಕೂರದಿರಲೆಂದು ಟವೆಲ್ ಹೊದ್ದುಕೊಂಡು ಕೂತಿತ್ತು. ಹೊಲದ ಅಳತೆ ಕೊಟ್ಟರೆ ಯಾವ ಪೈಪು ಎಲ್ಲಿ ಹಾಯಬೇಕು, ಯಾವ ಮೂಲೆಯಲ್ಲಿ ವಾಲ್ವು ಕೂರಬೇಕು ಎಂದು ನಕ್ಷೆ ಬರೆಯುವ ಸಾಫ್ಟ್‌ವೇರು ಬಲು ಭಾರದ್ದು. ಅದನ್ನು ಹೊರುವ ತಾಕತ್ತು ಇದ್ದದ್ದು ಆ ಒಂದು ಕಂಪ್ಯೂಟರಿಗೆ ಮಾತ್ರ. ಮಿಕ್ಕ ಮೂರು ಅಂಗಡಿಯಲ್ಲಿದ್ದವು ಬಿಲ್ಲು ಹಾಕುವ ಹಳೆಯ ಪೆಟ್ಟಿಗೆಗಳು. ಪಾಂಡವಪುರದ ನಿಂಗರಾಜು, ನಾಗಮಂಗಲದ ಪ್ರಮೀಳಾ ಇಬ್ಬರೂ ನಕ್ಷೆ ಬರೆಯಲು ಕಲಿತವರೇ. ಆದರೆ ನೇಗಿಲು ಹಿಡಿಯಲು ಬಂದರೂ ಎತ್ತಿಲ್ಲದ ಒಕ್ಕಲಿನಂತೆ, ಅಳತೆಯನ್ನು ಫೋನಿನಲ್ಲಿ ಕಳಿಸಿ ನಕ್ಷೆ ಬರುವುದನ್ನು ಕಾಯುತ್ತ ಕೂರುತ್ತಿದ್ದರು.

ಟವೆಲ್ ತೆಗೆದು ಆ ಕಂಪ್ಯೂಟರಿನ ಮುಂದೆ ಕೂರುವವಳು ರಂಜಿತ. ಬೂಕನಕೆರೆಯ ಸೊಸೆ. ಬೆಳಗ್ಗೆ ಬೂಕನಕೆರೆಯಿಂದ ಪಾಂಡವಪುರಕ್ಕೊಂದು ಬಸ್ಸು, ಅಲ್ಲಿ ಇಳಿದು ಶ್ರೀರಂಗಪಟ್ಟಣಕ್ಕೆ ಇನ್ನೊಂದು. ಸಂಜೆ ಅದೇ ದಾರಿ ಹಿಂದಕ್ಕೆ. ಕೆಲಸ ಅಚ್ಚುಕಟ್ಟು, ಮಾತು ಕಡಿಮೆ. "ರಂಜಿತಮ್ಮನ ಬಾಯಿಂದ ಮಾತು ಬರೋದು ನಾಲೆ ಕೊನೆಗೆ ನೀರು ಬಂದಂಗೆ. ಬಂದ್ರೆ ಬಂತು, ಇಲ್ದಿದ್ರೆ ಇಲ್ಲ" ಎಂದು ನಿಂಗರಾಜು ಆಡಿಕೊಳ್ಳುತ್ತಿದ್ದ. ಅವಳು ಅದಕ್ಕೂ ನಕ್ಕು ಸುಮ್ಮನಾಗುತ್ತಿದ್ದಳು.

ಹೀಗೆ ಮೂಲೆಯಲ್ಲಿ ಕೂತವಳಿಗೆ ನಾಲ್ಕು ಅಂಗಡಿಯಲ್ಲೂ ಒಂದು ಗೌರವ ಮಾತ್ರ ತಾನಾಗಿ ಬಂದಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾತನಹಳ್ಳಿಯ ಚಿಕ್ಕಬೋರಮ್ಮನ ಕಬ್ಬಿನ ಹೊಲಕ್ಕೆ ಒಂದು ಬೆಳಗ್ಗೆ ನಕ್ಷೆ ಬರೆದುಕೊಟ್ಟಿದ್ದಳು. ಎಷ್ಟೋ ಕಾಲದಿಂದ ತೂಕಡಿಸುತ್ತಿದ್ದ ಚಿಕ್ಕಬೋರಮ್ಮನ ಸಬ್ಸಿಡಿ ಫೈಲು ಅವತ್ತೇ ಮಧ್ಯಾಹ್ನ ಎದ್ದು ಕೂತಿತು. ಅದರ ಬೆನ್ನಿಗೆ ಅಕ್ಕಪಕ್ಕದ ಹೊಲದವರೆಲ್ಲ ಅಂಗಡಿಯ ಬಾಗಿಲಿಗೆ ಬಂದರು. 'ಆ ಹೆಣ್ಮಗಳ ಕೈಗುಣ' ಎಂದು ಚಿಕ್ಕಬೋರಮ್ಮ ಸಂತೆಯ ತುಂಬ ಹೇಳಿಕೊಂಡು ಬಂದಳು. ಅಂದಿನಿಂದ ಯಾವ ಅಂಗಡಿಯದಾದರೂ ಸರಿ, ದಿನದ ಮೊದಲ ನಕ್ಷೆಯ ಮೊದಲ ಗೆರೆಯನ್ನು ಬೆಳಗ್ಗೆ ಬಂದೊಡನೆ ರಂಜಿತಳೇ ಎಳೆಯಬೇಕು, ಮಿಕ್ಕದ್ದು ಆಮೇಲಾದರೂ ಸರಿ. ಅದಕ್ಕೆ ಬೋಣಿ ಗೆರೆ ಎಂದೇ ಹೆಸರು. ಬೆಳಗಾದರೆ ಫೋನು: "ಅಮ್ಮಿ, ಬೋಣಿ ಮಾಡ್ಬುಡು." ಅವಳಿಗೆ ಇದೆಲ್ಲ ಇವರ ತಮಾಷೆ ಎಂದೇ ಅನಿಸುತ್ತಿತ್ತು. ಆದರೂ ಆ ಫೋನುಗಳು ಬಂದರೆ ಹಿತವಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮೈಸೂರಿನಿಂದ ಒಬ್ಬ ಯುವಕ ಬಂದು, ವರ್ಚುವಲ್ ಡೆಸ್ಕ್‌ಟಾಪ್ ಎಂಬುದರ ಬಗ್ಗೆ ದೇವರಾಜು ಅವರ ಮುಂದೆ ಬಾಯಿ ತುಂಬ ಮಾತಾಡಿದ. ಕಂಪ್ಯೂಟರು ಇನ್ನು ಮೇಜಿನ ಮೇಲೆ ಇರಬೇಕಾಗಿಲ್ಲ ಸಾರ್, ಅದು ದೂರದ ದೊಡ್ಡ ಕಟ್ಟಡದಲ್ಲಿ ಇರುತ್ತೆ. ನಿಮ್ಮ ಮೇಜಿನ ಮೇಲಿರೋದು ಅದಕ್ಕೊಂದು ಕಿಟಕಿ ಅಷ್ಟೆ. ಕಿಟಕಿ ಹಳೇದಾದರೂ ನಡೆಯುತ್ತೆ. ನಾಲ್ಕು ಊರಿನಿಂದಲೂ ಒಳಗೆ ಹೋಗಬಹುದು. ಕೆಲಸವೆಲ್ಲ ಅಲ್ಲೇ ಉಳಿಯುತ್ತೆ, ಕಳೆದುಹೋಗಲ್ಲ. ತಿಂಗಳಿಗಿಷ್ಟು ಬಾಡಿಗೆ ಕೊಟ್ಟರಾಯಿತು.

ಕೆ.ಆರ್. ಪೇಟೆಯ ಅಂಗಡಿ ನೋಡಿಕೊಳ್ಳುವ ತಮ್ಮಯ್ಯ ಎಲ್ಲವನ್ನೂ ಕೇಳಿಸಿಕೊಂಡು, "ಕಿಟಕಿ ಮಾರಕ್ಕೆ ಬಂದವ್ನೆ. ಮನೆ ಯಾರ್ದು ಅಂತ ಒಸಿ ಕೇಳಿ ಯಜಮಾನ್ರೆ" ಎಂದ.

ದೇವರಾಜು ನಕ್ಕರು. ಆದರೆ ಅವರ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು. ಶ್ರೀರಂಗಪಟ್ಟಣದ ಆ ಒಂದು ಕಂಪ್ಯೂಟರು ಒಂದು ದಿನ ಮುನಿಸಿಕೊಂಡರೆ ನಾಲ್ಕೂ ಅಂಗಡಿ ಕೈಕಟ್ಟಿ ಕೂರಬೇಕು. ಹಾಗೆಂದು ಎಲ್ಲ ಊರಿಗೂ ಅಂಥದ್ದನ್ನೇ ಕೊಂಡುತರುವುದು ಆಗದ ಮಾತು. ಯುವಕನಿಂದ ಕೆಲವು ವಾರ ಬಿಟ್ಟಿ ಪರೀಕ್ಷೆಗೆ ಒಪ್ಪಿಗೆ ಪಡೆದು ಅವರು ರಂಜಿತಳನ್ನು ಕರೆದರು.

"ನೋಡವ್ವ, ನೀನು ಈ ಪರೀಕ್ಷೆ ಮುಗಿಯೋ ತಂಕ ಕೆ.ಆರ್. ಪೇಟೇಲಿ ಕುಂತ್ಕೊ. ಅಲ್ಲಿ ನಡುದ್ರೆ ಎಲ್ಲಾ ಕಡೆ ನಡೀತದೆ. ಒಳ್ಳೇದೆಷ್ಟು, ಕೆಟ್ಟದ್ದೆಷ್ಟು ತೂಗಿ ನೋಡಿ ಯೋಳು. ಅಂಗಡಿ ನಿಂದೇ ಅಂದ್ಕೊ. ನೀನು ಯೋಳ್ದಂಗೆ ಮಾಡೋದು."

ಅಂಗಡಿಯಲ್ಲಿ ಯಾರಿಗೂ ಹೇಳದ ಒಂದು ವಿಷಯ ರಂಜಿತಳ ಹೊಟ್ಟೆಯಲ್ಲಿತ್ತು. ಮೈಮುರಿದು ಬಸ್ಸು ಹತ್ತಿ ಇಳಿಯುತ್ತಿದ್ದವಳಿಗೆ ಡಾಕ್ಟರಮ್ಮ ಆ ವಾರವೇ ಖಡಾಖಂಡಿತವಾಗಿ ಹೇಳಿದ್ದರು: ಕೂಸು ಬೇಕೆಂದರೆ ದೂರದ ಬಸ್ಸಿನ ಕುಲುಕಾಟ ಬೇಡ. ಕೆ.ಆರ್. ಪೇಟೆಯಾದರೆ ಹತ್ತಿರ. ತಮ್ಮಯ್ಯ ಬೂಕನಕೆರೆಯವನೇ, ಅವನ ಹಳೆಯ ಓಮ್ನಿಯಲ್ಲಿ ನಿಧಾನಕ್ಕೆ ಹೋಗಿ ಬರಬಹುದು. ಶ್ರೀರಂಗಪಟ್ಟಣಕ್ಕೇ ಬರಬೇಕೆಂದರೆ ಕೆಲಸ ಬಿಡುವುದೊಂದೇ ದಾರಿ. ಬಿಡುತ್ತೇನೆಂದು ಹೇಳಲು ಎರಡು ದಿನದಿಂದ ಮಾತು ಜೋಡಿಸಿಕೊಳ್ಳುತ್ತಿದ್ದಳು. ಈಗ ನೋಡಿದರೆ ತಕ್ಕಡಿಯನ್ನೇ ತಂದು ಅವಳ ಕೈಗೆ ಕೊಟ್ಟಿದ್ದರು. ತೂಗುವವಳೇ ಒಂದು ತಟ್ಟೆಯಲ್ಲಿ ಕೂತಂತಾಯಿತು.

"ಆಯ್ತು ಸಾರ್" ಎಂದಷ್ಟೇ ಹೇಳಿದಳು.

ಮೈಸೂರಿನವನು ರಂಜಿತ, ನಿಂಗರಾಜು, ಪ್ರಮೀಳಾ, ದೇವರಾಜು ಎಂದು ನಾಲ್ಕು ಹೆಸರು ಮಾಡಿ, ನಾಲ್ಕಕ್ಕೂ ಒಂದೇ ಪಾಸ್‌ವರ್ಡು ಇಟ್ಟು, "ಆಮೇಲೆ ನಿಮ್ಮ ನಿಮ್ಮದನ್ನು ನೀವೇ ಬದಲಾಯಿಸಿಕೊಳ್ಳಿ" ಎಂದು ಹೇಳಿ ಹೋದ. ಯಾರೂ ಬದಲಾಯಿಸಿಕೊಳ್ಳಲಿಲ್ಲ. ಅಂಗಡಿಯ ಬೀಗದ ಕೈಯನ್ನು ಪಕ್ಕದ ಟೀ ಅಂಗಡಿಯ ಮೊಳೆಗೆ ನೇತುಹಾಕಿ, ಮೊದಲು ಬಂದವರು ಬಾಗಿಲು ತೆಗೆಯುವ ಜನ ಅವರು. ಪಾಸ್‌ವರ್ಡು ಬಚ್ಚಿಟ್ಟುಕೊಂಡರೆ ಜೊತೆಯವರನ್ನು ಅನುಮಾನಿಸಿದಂತೆ ಆಗುವುದಿಲ್ಲವೇ? ರಂಜಿತಳಿಗೂ ಬೇರೆ ಥರ ಹೊಳೆಯಲಿಲ್ಲ.

ಕೆ.ಆರ್. ಪೇಟೆಯ ಅಂಗಡಿಯಲ್ಲಿ ಪೈಪಿನ ಸುರುಳಿಗಳ ನಡುವೆ ಅವಳಿಗೊಂದು ಮೇಜು ಸಿಕ್ಕಿತು. ಮೇಜಿನ ಮೇಲಿನ ಮುದಿ ಪೆಟ್ಟಿಗೆಯಲ್ಲಿ ಆ ಕಿಟಕಿ ತೆರೆದಾಗ, ಶ್ರೀರಂಗಪಟ್ಟಣದಲ್ಲಿ ಮಾತ್ರ ಕಾಣುತ್ತಿದ್ದ ಸಾಫ್ಟ್‌ವೇರು ಕಣ್ಣೆದುರು ಬಿಚ್ಚಿಕೊಂಡಿತು. ಮೌಸು ಎಳೆದರೆ ಗೆರೆ ಒಂದು ಉಸಿರು ತಡವಾಗಿ ಹಿಂಬಾಲಿಸುತ್ತಿತ್ತು, ಅಷ್ಟೇ. ಅದಕ್ಕೂ ಕೈ ಒಗ್ಗಿತು.

ಒಂದು ದಿನ ತೆಂಗಿನ ತೋಟವೊಂದರ ನಕ್ಷೆ ಬರೆಯುತ್ತಿರುವಾಗ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಪ್ರಾಣ ಬಿಟ್ಟಿತು. ಪರದೆ ಕಪ್ಪಾದದ್ದನ್ನು ನೋಡಿ ರಂಜಿತ ಹಣೆಗೆ ಕೈ ಹಚ್ಚಿ ಕೂತಳು.

"ಓಯ್ತಾ?" ಎಂದ ತಮ್ಮಯ್ಯ.

"ಬೆಳಗ್ಗೆಯಿಂದ ಬರೆದದ್ದು ತಮ್ಮಯ್ಯಣ್ಣ."

"ಓದ್ರೆ ಓಗ್ಲಿ ಬುಡು. ಮೊದ್ಲು ಉಣ್ಣು. ಮಕ ನೋಡು, ಬಾಡೋಗದೆ."

ಊಟವಾಗಿ ಕರೆಂಟು ಬಂದ ಮೇಲೆ ಕಿಟಕಿ ತೆರೆದರೆ ನಕ್ಷೆ ಅಲ್ಲೇ ಇತ್ತು. ಎಳೆಯುತ್ತಿದ್ದ ಗೆರೆ ಕೂಡ ಅರ್ಧಕ್ಕೆ ನಿಂತಲ್ಲೇ, ಗೂಟದ ಬಳಿ ಕಾಯುವ ಕರುವಿನಂತೆ ನಿಂತಿತ್ತು. ಕರೆಂಟು ಹೋದದ್ದು ಕೆ.ಆರ್. ಪೇಟೆಯಲ್ಲಿ, ಕೆಲಸ ಇದ್ದದ್ದು ಇನ್ನೆಲ್ಲೋ. ರಂಜಿತ ತಮ್ಮಯ್ಯನನ್ನು ಕರೆದು ತೋರಿಸಿದಳು. ಅವನು ಕನ್ನಡಕ ಏರಿಸಿ ನೋಡಿ, "ಪರ್ವಾಗಿಲ್ವೆ. ಮನೆಯೋನು ಕಾವಲು ಕಾದವ್ನೆ" ಎಂದ.

ಒಳ್ಳೆಯದು ಹೀಗೆ ಕಂಡರೆ ಕೆಟ್ಟದ್ದೂ ಬೇರೆ ಬೇರೆ ವೇಷದಲ್ಲಿ ಬಂತು. ಪಾಂಡವಪುರದಲ್ಲಿ ನಿಂಗರಾಜು ನಕ್ಷೆಯ ಪ್ರಿಂಟು ಕೊಟ್ಟರೆ ಅದು ಶ್ರೀರಂಗಪಟ್ಟಣದ ಪ್ರಿಂಟರಿನಲ್ಲಿ ಬರುತ್ತಿತ್ತು. ದೇವರಾಜು ಹಾಳೆ ಹಿಡಿದುಕೊಂಡು, ಇದ್ಯಾರ ಹೊಲ ನನ್ನ ಮೇಜಿಗೆ ಬಂತು ಎಂದು ಊರೆಲ್ಲ ಫೋನು ಮಾಡುತ್ತಿದ್ದರು. ನಾಗಮಂಗಲದಲ್ಲಿ ರಸ್ತೆ ಅಗೆಯುವವರು ಇಂಟರ್‌ನೆಟ್ಟಿನ ಕೇಬಲ್ಲಿಗೇ ಗುದ್ದಲಿ ಹಾಕಿದರು. ಬಾಗಿಲಲ್ಲಿ ರೈತರು ಕೂತಿರುವಾಗ ಪ್ರಮೀಳಾ ಫೋನಿನ ನೆಟ್ಟು ಹಚ್ಚಿಕೊಂಡು, ಗೆರೆಗೊಂದು ಸಲ ದೇವರನ್ನು ನೆನೆಯುತ್ತ ನಕ್ಷೆ ಮುಗಿಸಿದಳು. ಇವೆಲ್ಲ ರಂಜಿತಳಿಗೆ ಸಹಿಸಬಹುದಾದ ಕೆಟ್ಟದ್ದು ಎನಿಸಿತು.

ಸಹಿಸಲಾಗದ್ದು ಅವಳ ಮೇಜಿನಲ್ಲೇ ಇತ್ತು. ಬೆಳಗ್ಗೆ ಅಂಗಡಿ ತೆರೆದು ಇನ್ನೇನು ಕೈ ಕೂಡಿಬಂತು ಎನ್ನುವಾಗ ಕಿಟಕಿ ತಟಕ್ಕನೆ ಮುಚ್ಚಿಕೊಳ್ಳುತ್ತಿತ್ತು. 'ಸಂಪರ್ಕ ಕಡಿದಿದೆ' ಎಂಬ ಒಂದು ಸಾಲು, ಮತ್ತೇನಿಲ್ಲ. ಮತ್ತೆ ಒಳಗೆ ಹೋದರೆ ನಕ್ಷೆ ಉಳಿದಿರುತ್ತಿತ್ತು, ಆದರೆ ಯಾರೋ ಮಡಿಸಿ ಇಟ್ಟಂತೆ ಮುಚ್ಚಿರುತ್ತಿತ್ತು. ಬಿಚ್ಚಿಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಒಮ್ಮೊಮ್ಮೆ ಅವಳು ಒಳಗೆ ಹೋಗುವುದು, ಅದು ಹೊರಗೆ ತಳ್ಳುವುದು, ಬಾಗಿಲಲ್ಲಿ ಜಗಳ ಆದಂತೆ ನಡೆಯುತ್ತಿತ್ತು. ಮಧ್ಯಾಹ್ನ ಮಾತ್ರ ಎಲ್ಲ ಸರಿ. ಬೆಳಗಿನ ಹೊತ್ತು ಕೆ.ಆರ್. ಪೇಟೆಯ ಲೈನು ಸರಿಯಿಲ್ಲ ಎಂದುಕೊಂಡಳು. ನೆಟ್ಟಿನವರನ್ನು ಕರೆಸಿದರು. ಅವರು ತಂತಿ ಜಗ್ಗಿ ನೋಡಿ, ಟೀ ಕುಡಿದು, "ನಮ್ ಕಡೆಯಿಂದ ಸರಿಯಾಗದೆ" ಎಂದು ಹೋದರು. ಮಾರನೆಯ ಬೆಳಗ್ಗೆ ಮತ್ತೆ ಅದೇ.

ಇನ್ನೊಂದು ಬದಲಾವಣೆಯನ್ನೂ ಅವಳು ಗಮನಿಸಿದಳು, ಯಾರಿಗೂ ಹೇಳಲಿಲ್ಲ. ಬೋಣಿ ಗೆರೆಗೆ ಬರುತ್ತಿದ್ದ ಫೋನುಗಳು ನಿಂತುಹೋಗಿದ್ದವು. ನಿಂಗರಾಜನದೂ ಇಲ್ಲ, ಪ್ರಮೀಳೆಯದೂ ಇಲ್ಲ. ಅವರವರ ಊರಲ್ಲಿ ಅವರವರೇ ನಕ್ಷೆ ಬರೆದುಕೊಳ್ಳುವಾಗ ಇವಳ ಕೈ ಯಾಕೆ ಬೇಕು? ತಮ್ಮಯ್ಯನೊಬ್ಬ ಮಾತ್ರ ದಿನಾ ಬೆಳಗ್ಗೆ, ತನ್ನ ಕೆ.ಆರ್. ಪೇಟೆಯ ಗಿರಾಕಿಯ ಚೀಟಿಯನ್ನು ಅವಳ ಮುಂದಿಟ್ಟು, "ಎಳಿಯವ್ವ" ಎನ್ನುತ್ತಿದ್ದ.

ಪರೀಕ್ಷೆಯ ದಿನಗಳು ಮುಗಿಯುತ್ತ ಬಂದವು. ಭಾನುವಾರ ಎಲ್ಲರೂ ಕ್ಯಾತನಹಳ್ಳಿಯ ತಮ್ಮ ತೋಟಕ್ಕೆ ಬರಬೇಕು, ಊಟವೂ ಅಲ್ಲೇ, ತೀರ್ಮಾನವೂ ಅಲ್ಲೇ ಎಂದು ದೇವರಾಜು ಹೇಳಿಕಳಿಸಿದರು.

ಶನಿವಾರ ಸಂಜೆ ಅತ್ತೆ ಪುಟ್ಟಗೌರಮ್ಮ ಡೈರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನನ್ನು ಜಗಲಿಯ ಮೇಲೆ ಬೋರಲು ಹಾಕುವಾಗ, ಸೊಸೆ ಅವರೆಕಾಯಿಯ ಮೊರ ತೊಡೆಯ ಮೇಲಿಟ್ಟುಕೊಂಡು ಬಿಡಿಸದೆ ಕೂತಿದ್ದಳು.

"ಏನಮ್ಮಿ ಅಂಗೆ ಕುಂತಿದ್ದೀಯೆ, ಕಾಯಿ ತಾನಾಗೇ ಬಿಚ್ಕೊಂಡದು ಅಂತಾವ?"

ರಂಜಿತ ಹೇಳಿದಳು. ಮನೆಯಲ್ಲಿ ಅವಳಿಗೆ ಮಾತು ಬರುತ್ತಿತ್ತು. ನಾಗಮಂಗಲಕ್ಕೆ ಒಳ್ಳೇದು, ಪಾಂಡವಪುರಕ್ಕೂ ಒಳ್ಳೇದು, ತಾನು ಕೂತಿರುವ ಕೆ.ಆರ್. ಪೇಟೆಯಲ್ಲಿ ಮಾತ್ರ ನಿಲ್ಲುತ್ತಿಲ್ಲ. ಇದ್ದದ್ದು ಇದ್ದಂತೆ ಹೇಳಿದರೆ ಅವರು ಮತ್ತೆ ಶ್ರೀರಂಗಪಟ್ಟಣಕ್ಕೆ ಬಾ ಅನ್ನುತ್ತಾರೆ. ಎಲ್ಲ ಸರಿಯಾಗಿದೆ ಅಂದುಬಿಟ್ಟರೆ ಕೆಲಸ ಉಳಿಯುತ್ತದೆ.

"ಅಂದ್ಬುಡು ಮತ್ತೆ. ಯಾರ್ಗೆ ಗೊತ್ತಾಯ್ತದೆ?"

"ಅಂಗಡಿ ನಿಂದೇ ಅಂದ್ಕೊ ಅಂದವ್ರೆ ಅತ್ತೆ."

ಪುಟ್ಟಗೌರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು. "ನಾನು ಒಂದ್ಸಲ, ಒಂದೇ ಒಂದ್ಸಲ ಕಣಮ್ಮಿ, ಹಾಲಿಗೆ ಒಸಿ ನೀರು ಬೆರೆಸ್ದೆ. ಡೈರೀಲಿ ಆ ಮಿಷಿನ್ನು ಏನೂ ಅನ್ನಲಿಲ್ಲ. ಲೆಕ್ಕ ಬರ್ಕೊಳ್ತಾ ಕುಂತಿದ್ದ ಕೆಂಪಣ್ಣನೂ ಏನೂ ಅನ್ನಲಿಲ್ಲ. ಆದ್ರೂ ವಾರಗಟ್ಲೆ ಅವ್ನು ಕೆಮ್ಮಿದ್ರೆ ನಂಗೆ ಎದೆ ಜಲ್ ಅನ್ನೋದು. ಆ ಜಲ್ಲಿಗಿಂತ ಹಾಲಿಗೆ ಕಾಸೇ ಕಮ್ಮಿ ಬಂದ್ರೆ ವಾಸಿ." ಕಾಯಿ ಸುಲಿದು ಮೊರಕ್ಕೆ ಹಾಕಿದಳು. "ಈ ಸಮಯದಲ್ಲಿ ನಿಂಗೆ ಜಲ್ ಅನ್ನೋದು ಬ್ಯಾಡ. ಇದ್ದಿದ್ದ ಯೋಳು. ಕೆಲ್ಸ ಓದ್ರೆ ಅವರೆಕಾಯಿ ಬಿಡಿಸ್ಕೊಂಡು ಕುಂತಿರು, ಅದಂತೂ ನಿಂಗೆ ಬರದಿಲ್ಲ."

ರಂಜಿತ ನಕ್ಕಳು. ನಗುವಿನ ಕೊನೆಯಲ್ಲಿ ಕಣ್ಣಲ್ಲಿ ನೀರು ಬಂತು. ಅದನ್ನು ಅತ್ತೆ ನೋಡಿಯೂ ನೋಡದವಳಂತೆ ಕಾಯಿ ಸುಲಿಯುತ್ತಲೇ ಇದ್ದಳು.

ಕ್ಯಾತನಹಳ್ಳಿಯ ತೋಟದಲ್ಲಿ ಪಂಪ್‌ಹೌಸಿನ ಮುಂದೆ ಜಮಖಾನ ಹಾಸಿದ್ದರು. ಸುತ್ತ ಕಬ್ಬು ಆಳೆತ್ತರ ನಿಂತಿತ್ತು. ಅದರ ಬುಡದಲ್ಲಿ ರಂಜಿತಳೇ ನಕ್ಷೆ ಬರೆದಿದ್ದ ಕಪ್ಪು ಪೈಪುಗಳು ತೊಟ್ಟಿಕ್ಕುತ್ತಿದ್ದವು. ತಮ್ಮಯ್ಯ ಓಮ್ನಿಯನ್ನು ಹಳ್ಳ ಕಂಡಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಓಡಿಸಿದ್ದರಿಂದ ಅವರಿಬ್ಬರು ಕೊನೆಗೆ ಬಂದರು. ನಿಂಗರಾಜು ಆಗಲೇ ಕೂತಿದ್ದ.

"ಏನಣ್ಣ, ಎತ್ತಿನ ಗಾಡೀಲಿ ಬಂದ್ರಾ?"

"ಲೇ ನಿಂಗ, ನಿನ್ನಂಗೆ ಹಾರ್ಕೊಂಡು ಬರಕ್ಕೆ ನಮ್ಗೆ ರೆಕ್ಕೆ ಇಲ್ಲ ಕಣ್ಲಾ" ಎಂದ ತಮ್ಮಯ್ಯ.

ಅವರೆಕಾಳಿನ ಸಾರು, ಮುದ್ದೆ ಎಲೆಗೆ ಬಿದ್ದ ಮೇಲೆ ಮಾತು ಶುರುವಾಯಿತು. ಪ್ರಮೀಳಾ ಮೊದಲು ಹೇಳಿದಳು. ಕೇಬಲ್ ಕಿತ್ತ ದಿನ ಒಂದನ್ನು ಬಿಟ್ಟರೆ ತನಗೆ ಇದರಷ್ಟು ಸುಖ ಯಾವತ್ತೂ ಆಗಿಲ್ಲ. ರೈತ ಎದುರಿಗೆ ಕೂತಿರುವಾಗಲೇ ಅವನ ಹೊಲದ ನಕ್ಷೆ ಬರೆದು ತೋರಿಸಬಹುದು. "ಮೊದ್ಲು ನಾಳೆ ಬನ್ನಿ ಅಂತಿದ್ದೆ. ಆ ನಾಳೆ ಅವ್ರು ಪಕ್ಕದ ಅಂಗಡಿಗೆ ಹೋಗ್ತಿದ್ರು."

"ನಂಗೂ ಬೇಕು ಅಣ್ಣ" ಎಂದ ನಿಂಗರಾಜು. "ಪ್ರಿಂಟು ಒಂದು ನಮ್ಮಂಗ್ಡೀಲೇ ಬರಂಗೆ ಮಾಡ್ಕೊಟ್ರೆ ಸಾಕು."

ತಮ್ಮಯ್ಯ ಮುದ್ದೆ ಮುರಿಯುತ್ತ ಹೇಳಿದ: "ನಂಗೆ ಕಂಪ್ಯೂಟರ್ ಗೊತ್ತಿಲ್ಲ, ನಾಲೆ ಗೊತ್ತು. ಸ್ವಂತ ಬಾವಿ ಇದ್ರೆ ತೋಡ್ಸಬೇಕು, ಮೋಟ್ರು ಸುಟ್ರೆ ಕಟ್ಟಿಸ್ಬೇಕು, ಎಲ್ಲಾ ನಮ್ದೇ ಕರ್ಮ. ನಾಲೆ ನೀರಾದ್ರೆ ಆ ತಲೆನೋವಿಲ್ಲ. ಆದ್ರೆ ಮೇಲೆ ತೂಬು ಮುಚ್ಚುದ್ರೆ ಕೆಳಗೆ ಇರೋರೆಲ್ಲ ಒಂದೇ ಸಲ ಒಣಗ್ತಾರೆ. ಬಾಡಿಗೆ ಬ್ಯಾರೆ ಸಾಯೋ ತಂಕ ಕಟ್ಬೇಕು. ನಾಲೆ ಬ್ಯಾಡ ಅನ್ನಲ್ಲ. ಬಾವಿ ಮುಚ್ಬ್ಯಾಡಿ ಅಂತೀನಿ."

ದೇವರಾಜು ತಲೆ ಅಲ್ಲಾಡಿಸಿ ರಂಜಿತಳ ಕಡೆ ತಿರುಗಿದರು. "ನೀನು ಯೋಳವ್ವ. ತಕ್ಕಡಿ ನಿನ್ ಕೈಲದೆ."

ಎಲ್ಲರ ಕಣ್ಣು ತನ್ನ ಮೇಲೆ ಬಿದ್ದಾಗ ಅವಳಿಗೆ ಎಲೆಯ ಅಂಚು ಮಾತ್ರ ಕಂಡಿತು. ಒಳ್ಳೆಯದನ್ನೆಲ್ಲ ಹೇಳಿದಳು: ಕರೆಂಟು ಹೋದರೂ ಉಳಿದ ನಕ್ಷೆ, ಹಳೆಯ ಪೆಟ್ಟಿಗೆಗೆ ಬಂದ ಹೊಸ ಜೀವ, ಒಬ್ಬರು ಅರ್ಧ ಮಾಡಿದ್ದನ್ನು ಇನ್ನೊಬ್ಬರು ಇನ್ನೊಂದು ಊರಲ್ಲಿ ಮುಗಿಸಬಹುದಾದ ಅನುಕೂಲ. ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ. ಆಮೇಲೆ ಒಂದು ಲೋಟ ನೀರು ಕುಡಿದು ಉಳಿದದ್ದನ್ನೂ ಹೇಳಿದಳು.

"ಆದರೆ ಕೆ.ಆರ್. ಪೇಟೇಲಿ ನಿಲ್ಲಲ್ಲ ಸಾರ್. ಬೆಳಗ್ಗೆ ಹೊತ್ತು ಮತ್ತೆ ಮತ್ತೆ ಆಚೆಗೆ ತಳ್ಳುತ್ತೆ. ನಕ್ಷೆ ತಾನಾಗಿ ಮುಚ್ಚಿಕೊಳ್ಳುತ್ತೆ. ಗಿರಾಕಿ ಎದುರಿಗೆ ಹಾಗಾದರೆ ನಮ್ಮ ಮೇಲೆ ನಂಬಿಕೆ ಹೋಗುತ್ತೆ. ಅಲ್ಲಿಗೆ ಇದು ಬೇಡ."

ಹೇಳಿ ಮುಗಿಸಿದ ಮೇಲೆ ಒಳಗೆ ಏನೋ ಖಾಲಿಯಾಯಿತು. ಆದರೆ ಅತ್ತೆ ಹೇಳಿದ ಆ ಜಲ್ ಎನ್ನುವುದು ಅಲ್ಲಿರಲಿಲ್ಲ.

ದೇವರಾಜು ಎಲೆಯ ಅಂಚಿಗೆ ಬಂದಿದ್ದ ಕಾಳನ್ನು ಒಳಗೆ ಸರಿಸಿದರು. "ಸರಿ ಬುಡು. ನಾಗಮಂಗಲ, ಪಾಂಡವಪುರಕ್ಕೆ ತಕ್ಕಳೋದು. ನೀನು ನಾಳೆಯಿಂದ ಮೊದ್ಲಿನಂಗೆ ಶ್ರೀರಂಗಪಟ್ಟಣಕ್ಕೇ ಬಂದ್ಬುಡು."

ಕೆಲಸ ಬಿಡುತ್ತೇನೆಂದು ಹೇಳಬೇಕಾದವಳು ಖಾಲಿ ಲೋಟವನ್ನೇ ಮತ್ತೆ ಬಾಯಿಗೆತ್ತಿದಳು. ಒಂದೇ ಊರಿನವನಾಗಿ ವಿಷಯ ತಿಳಿದಿದ್ದ ತಮ್ಮಯ್ಯ ಅವಳ ಕಡೆ ನೋಡಿ, ಏನೋ ಹೇಳಲು ಹೋಗಿ, ತಾನು ಹೇಳುವ ಮಾತಲ್ಲವೆಂದು ಸಾರಿಗೆ ಬೆರಳದ್ದಿದ.

"ಅಮ್ಮಿ," ಎಂದ ನಿಂಗರಾಜು. ಅವನ ಕೈಯಲ್ಲಿದ್ದ ಮುದ್ದೆಯ ತುತ್ತು ಬಾಯಿಗೆ ಹೋಗದೆ ನಿಂತಿತ್ತು. "ಬೆಳಗ್ಗೆ ಅಂದ್ರೆ ಯಾವಾಗ? ಅಂಗಡಿ ತೆಗೆದ ಮೇಲಾ?"

"ಹೂಂ. ತೆಗೆದು ಸ್ವಲ್ಪ ಹೊತ್ತಿಗೆ."

"ಮಧ್ಯಾನದ ಮೇಲೆ ಇಲ್ಲ?"

"ಇಲ್ಲ."

ನಿಂಗರಾಜು ತುತ್ತನ್ನು ಎಲೆಗೆ ಇಳಿಸಿದ. "ಮುಚ್ಕೊಂಡಿರೋ ನಕ್ಷೆ... ಸೇವ್ ಆಗಿರ್ತದಾ?"

"ಆಗಿರುತ್ತೆ. ಅದೇ ಆಶ್ಚರ್ಯ."

"ಆಶ್ಚರ್ಯ ಏನಿಲ್ಲ ಕಣವ್ವ. ಅದ ಮುಚ್ಚೋನು ನಾನೇ."

ನಿಂಗರಾಜು ತಲೆ ಕೆರೆಯಲು ಹೋಗಿ, ಕೈ ಎಂಜಲಾದದ್ದು ನೆನಪಾಗಿ ಮೊಣಕೈಯಿಂದ ಕೆರೆದುಕೊಂಡ. "ಬೋಣಿ ಗೆರೆ ನಿನ್ ಕೈಲೇ ಆಗ್ಬೇಕಲ್ಲ. ದಿನಾ ಫೋನ್ ಮಾಡಿ ನಿಂಗ್ಯಾಕೆ ತೊಂದ್ರೆ, ಎಲ್ರದೂ ಒಂದೇ ಪಾಸ್‌ವರ್ಡಲ್ವಾ ಅಂತ, ನಿನ್ ಹೆಸ್ರಲ್ಲೇ ಒಳಿಕ್ಕೋಗಿ ಒಂದ್ ಗೆರೆ ಎಳ್ಕೊಂಡು, ಆಮೇಕೆ ಆಚೆ ಬಂದು ನನ್ ಹೆಸ್ರಲ್ಲಿ ಓಯ್ತಿದ್ದೆ. ಅಲ್ಲಿ ಯಾವ್ದೋ ನಕ್ಷೆ ಬಿಚ್ಕೊಂಡಿರೋದು. ನೆನ್ನೇದು ಮರ್ತೋಗವ್ಳೆ, ಅಳಿಸೋದಾತು ಅಂತ ಸೇವ್ ಮಾಡಿ ಮುಚ್ಚಿಡ್ತಿದ್ದೆ."

"ಅಯ್ಯೋ ಅಕ್ಕ," ಎಂದಳು ಪ್ರಮೀಳಾ ಮೆಲ್ಲಗೆ. "ನಾನೂ."

"ನೀನೂನಾ?"

"ನಿಂಗರಾಜಣ್ಣ ಹೇಳಿಕೊಟ್ಟಿದ್ದು. ಹೆಸರು ನಿಮ್ಮದಿದ್ದರೆ ಕೈಯೂ ನಿಮ್ಮದೇ ಲೆಕ್ಕ ಅಂತ."

ತಮ್ಮಯ್ಯ ಎದೆ ಸೆಟೆಸಿದ. "ನಾನಂತೂ ಮಾಡಿಲ್ಲಪ್ಪ. ಪಕ್ಕದಲ್ಲೇ ಕುಂತವ್ಳೆ, ಕೈಯಿಂದ್ಲೇ ಮಾಡಿಸ್ತೀನಿ."

ಎಲ್ಲರೂ ದೇವರಾಜು ಅವರ ಕಡೆ ನೋಡಿದರು. ಅವರು ಮಜ್ಜಿಗೆಯ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಲೋಟ ಇಳಿದಾಗ ಮೀಸೆಯ ಕೆಳಗೆ ನಗು ತಡೆಯುತ್ತಿರಲಿಲ್ಲ.

"ನಾನೂ ಒಂದ್ನಾಕ್ ದಿನ ಮಾಡಿದ್ದೆ ಕಣ್ರಪ್ಪ. ದೊಡ್ಡ ಆರ್ಡರ್ ಇತ್ತು."

ಕೈ ತೊಳೆದು ನೋಡಿಯೇಬಿಟ್ಟರು. ದೇವರಾಜು ಅವರ ಲ್ಯಾಪ್‌ಟಾಪಿನಲ್ಲಿ ರಂಜಿತ ತನ್ನ ಹೆಸರಲ್ಲಿ ಒಳಗೆ ಹೋಗಿ ನಕ್ಷೆಯೊಂದನ್ನು ಬಿಚ್ಚಿದಳು. ಫೋನಿನಲ್ಲೂ ಆ ಕಿಟಕಿ ತೆರೆಯುತ್ತಿತ್ತು. ಪ್ರಮೀಳಾ ತನ್ನ ಫೋನಿನಲ್ಲಿ ರಂಜಿತಳ ಹೆಸರನ್ನೇ ಕೊಟ್ಟು ಒಳಗೆ ಹೋದಳು. ಲ್ಯಾಪ್‌ಟಾಪಿನ ಮೇಲೆ ಆ ಪರಿಚಯದ ಸಾಲು ಬಂತು: ಸಂಪರ್ಕ ಕಡಿದಿದೆ. ಒಂದು ಹೆಸರಿಗೆ ಒಂದೇ ಕುರ್ಚಿ. ಇನ್ನೊಬ್ಬರು ಬಂದು ಕೂತರೆ ಮೊದಲು ಕೂತವರು ಏಳಬೇಕು. ಕೆ.ಆರ್. ಪೇಟೆಯ ಲೈನಿಗೆ ಏನೂ ಆಗಿರಲಿಲ್ಲ. ಮೂರು ಊರಿನವರು ದಿನಾ ಬೆಳಗ್ಗೆ ಭಕ್ತಿಯಿಂದ ಬಂದು ಅವಳನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದರು.

ರಂಜಿತಳಿಗೆ ಮೊದಲು ನಗು ಬಂತು, ನಗು ನಿಲ್ಲಿಸಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಷ್ಟೋ ದಿನದಿಂದ ಹೆಗಲ ಮೇಲೆ ಕೂತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಿತ್ತು. ಫೋನು ನಿಂತದ್ದು ಅವಳನ್ನು ಮರೆತದ್ದರಿಂದ ಅಲ್ಲವಲ್ಲ.

"ಮೊದ್ಲು ಎಲ್ರೂ ಪಾಸ್‌ವರ್ಡ್ ಬದ್ಲಾಯಿಸ್ಕಳಿ," ಎಂದರು ದೇವರಾಜು. "ಒಬ್ರದು ಇನ್ನೊಬ್ರಿಗೆ ಗೊತ್ತಾಗ್ಬಾರ್ದು."

"ನಂದು ಆಯ್ತು ಅಣ್ಣ," ಎಂದ ನಿಂಗರಾಜು ಫೋನು ಒತ್ತುತ್ತ. "ನಮ್ಮ ಬಿಳಿ ಎತ್ತಿನ ಹೆಸ್ರು ಮಡಗಿದೆ. ಬಸವ."

"ಯೋಳ್ಬ್ಯಾಡ ಅಂತ ತಾನೇ ಯೋಳಿದ್ದು?"

"ಓ. ಅಂಗಾರೆ ಕೆಂದೆತ್ತಿಂದು ಮಡಗ್ತೀನಿ." ತಮ್ಮಯ್ಯ ಅವನ ಬಾಯಿಗೆ ಕೈ ಅಡ್ಡ ಇಡುವ ಹೊತ್ತಿಗೆ ಆ ಹೆಸರೂ ಹೊರಬಿದ್ದಿತ್ತು.

ತೀರ್ಮಾನ ಎಲೆ ಎತ್ತುವ ಮೊದಲೇ ಆಯಿತು. ನಕ್ಷೆಯ ಕೆಲಸಕ್ಕೆ ನಾಲ್ಕೂ ಊರಿಗೆ ವರ್ಚುವಲ್ ಡೆಸ್ಕ್‌ಟಾಪ್. ಬಿಲ್ಲು ಹಾಕುವುದು ಮಾತ್ರ ಅವರವರ ಪೆಟ್ಟಿಗೆಯಲ್ಲೇ ಇರಲಿ, ನೆಟ್ಟು ಹೋದರೂ ವ್ಯಾಪಾರ ನಿಲ್ಲಬಾರದು. ನಾಗಮಂಗಲಕ್ಕೆ ಇನ್ನೊಂದು ಕಂಪನಿಯ ನೆಟ್ಟನ್ನೂ ಹಾಕಿಸುವುದು. ಶ್ರೀರಂಗಪಟ್ಟಣದ ಕಂಪ್ಯೂಟರನ್ನು ಮಾರದೆ, ಟವೆಲ್ ಹೊದಿಸಿ ಹಾಗೇ ಇಟ್ಟುಕೊಳ್ಳುವುದು. ಒಂದು ವರ್ಷ ನೋಡಿ ಬಾಡಿಗೆಯ ಭಾರ ಗಿಟ್ಟದಿದ್ದರೆ ಹಿಂದಕ್ಕೆ ಬರುವುದು. "ಬಾವಿ ಮುಚ್ಚಲ್ಲ ತಮ್ಮಯ್ಯ, ಸಮಾಧಾನವಾ?" ಎಂದರು ದೇವರಾಜು. ತಮ್ಮಯ್ಯ ಎಲೆಯಡಿಕೆ ಮಡಿಸುತ್ತ ಹೂಂಗುಟ್ಟಿದ.

"ರಂಜಿತಾ, ನೀನು ಕೆ.ಆರ್. ಪೇಟ್ಲೇ ಇರು ಅಂಗಾರೆ. ಅಲ್ಲಿ ಕೈ ಬೇಕು."

"ಆಯ್ತು ಸಾರ್."

"ಅಂಗಾದ್ರೆ ಬೋಣಿ?" ಎಂದು ಕೇಳಿದ ನಿಂಗರಾಜು. ಅವನಿಗೆ ನಿಜವಾದ ಚಿಂತೆ ಅದೊಂದೇ. "ಇನ್ನು ನಿನ್ ಹೆಸ್ರಲ್ಲಿ ಓಗಂಗಿಲ್ವಲ್ಲ."

"ಮೊದಲಿನ ಹಾಗೆ ಫೋನ್ ಮಾಡಿ ಅಣ್ಣ. ಎಳೆದುಕೊಡ್ತೀನಿ." ರಂಜಿತ ಜಮಖಾನದ ದಾರವೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆದರೆ... ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಕೆಲವು ತಿಂಗಳು ಆಗಲ್ಲ."

"ಅದ್ಯಾಕವ್ವ?" ಎಂದರು ದೇವರಾಜು.

ಅವಳು ತಲೆ ಎತ್ತಲಿಲ್ಲ. ಕಿವಿಯ ತುದಿ ಕೆಂಪಗಾಯಿತು. ಪ್ರಮೀಳಾ ಅವಳ ಮುಖ ನೋಡಿದಳು, ಆಮೇಲೆ ಎದ್ದು ಬಂದು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಅದ್ಯಾಕೆ ಅಂತ ಕೇಳ್ತೀರಲ್ಲ ಯಜಮಾನ್ರೆ," ಎಂದ ತಮ್ಮಯ್ಯ, ಹಿಡಿದಿಟ್ಟ ಉಸಿರನ್ನು ಬಿಟ್ಟಂತೆ. "ನಾನು ಇಷ್ಟು ದಿನ ಓಮ್ನೀನ ಹಾಲಿನ ಗಡಿಗೆ ಹೊತ್ತಂಗೆ ಓಡುಸ್ತಾ ಇರೋದು ಯಾಕೆ ಅಂದ್ಕಂಡ್ರಿ?"

ದೇವರಾಜು ಅವಳನ್ನೇ ನೋಡಿದರು. "ಈ ಸ್ಥಿತೀಲಿ ನೀನು ಶ್ರೀರಂಗಪಟ್ಟಣಕ್ಕೆ ಎರಡೆರಡು ಬಸ್ಸು ಹತ್ತಿ ಬರ್ತಿದ್ಯಾ? ಮತ್ತೆ ಕೆ.ಆರ್. ಪೇಟೇಲಿ ಆಗಲ್ಲ ಅಂತ ಈಗ್ತಾನೆ ನಿನ್ ಬಾಯಲ್ಲೇ ಯೋಳುದ್ಯಲ್ಲವ್ವ."

"ಆಗ್ತಿರಲಿಲ್ಲವಲ್ಲ ಸಾರ್."

ದೇವರಾಜು ಎದ್ದು ಹೋಗಿ ತೋಟದ ಎಳನೀರು ಕೆಡವಿಸಿ, ಮೊದಲನೆಯದನ್ನು ತಾವೇ ಕೊಚ್ಚಿ ಅವಳ ಕೈಗೆ ಕೊಟ್ಟರು. ಓಮ್ನಿಯ ಹಿಂದಿನ ಸೀಟಿನಲ್ಲಿ ಒಂದು ಗೊನೆ ಎಳನೀರು, ಒಂದು ಕಟ್ಟು ಕಬ್ಬು ಏರಿದವು. ಹಿಂದಿರುಗುವಾಗ ತಮ್ಮಯ್ಯ ಇನ್ನೂ ನಿಧಾನವಾಗಿ ಓಡಿಸಿದ. ದಾರಿಯಲ್ಲಿ ರಂಜಿತಳಿಗೆ ನಿದ್ದೆ ಹತ್ತಿತು.

ಸೋಮವಾರ ಬೆಳಗ್ಗೆ ಕೆ.ಆರ್. ಪೇಟೆಯಲ್ಲಿ ಅವಳು ಕಿಟಕಿ ತೆರೆದು ಕೂತಳು. ತೆಂಗಿನ ತೋಟದ ನಕ್ಷೆ ಬಿಚ್ಚಿದಳು. ತಮ್ಮಯ್ಯ ಊದುಬತ್ತಿ ಹಚ್ಚಿ ಮೂರು ಸುತ್ತು ತಿರುಗಿಸಿ, ಸ್ವಲ್ಪ ಯೋಚಿಸಿ, ದೂರದಲ್ಲೆಲ್ಲೋ ಇರುವ ಆ ಮನೆಯ ಕಡೆಗೂ ಇರಲಿ ಎಂದು ಆಕಾಶದ ಕಡೆ ಒಂದು ಸುತ್ತು ತಿರುಗಿಸಿದ. ಬೀದಿಯಲ್ಲಿ ಬಸ್ಸುಗಳು ಹಾದುಹೋದವು. ದಿನಾ ಕಡಿಯುತ್ತಿದ್ದ ಹೊತ್ತು ಬಂತು. ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡಿದಳು. ಗೆರೆಗಳು ಇದ್ದಲ್ಲೇ ಇದ್ದವು.

ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ಪಾಂಡವಪುರ.

"ಅಮ್ಮಿ, ಚಿನಕುರಳಿ ಕಡೆಯೋರು ಬಂದವ್ರೆ, ಬಾಳೆ ತೋಟ. ಕಳ್ಸಿದ್ದೀನಿ ನೋಡು. ಒಂದ್ ಗೆರೆ ಎಳೆದ್ಬುಡವ್ವ."

"ಎಳೆದೆ ಅಣ್ಣ" ಎಂದಳು ರಂಜಿತ. ಫೋನು ಕಿವಿಯಿಂದ ತೆಗೆಯುವ ಮೊದಲು, ಯಾರೂ ಕೇಳದಿದ್ದರೂ, ತಾನಾಗಿ ಇನ್ನೊಂದು ಮಾತು ಸೇರಿಸಿದಳು: "ತಿಂಡಿ ಆಯ್ತಾ?"